ಊದಿಸುವ ಮೊದಲು

ಅರೇಬಿಕಾ ಕೊಯ್ಲು ಮುಗಿಯುತ್ತ ಬಂದು ರೊಬಸ್ಟಾ ಹಣ್ಣಾಗುವ ಕಾಲ ಇದು. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಬಟವಾಡೆಯಾದ ಸಂಜೆ ರಸ್ತೆ ಹೇಗಿರುತ್ತದೆ ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆಳುಗಳನ್ನು ತುಂಬಿಕೊಂಡ ಪಿಕಪ್ ಒಂದು ಕಡೆಯಿಂದ, ಶಿರಾಡಿ ಇಳಿದು ಮಂಗಳೂರಿಗೆ ಹೋಗುವ ಲಾರಿಗಳ ಸಾಲು ಇನ್ನೊಂದು ಕಡೆಯಿಂದ, ನಡುವೆ ಹೋಂ ಸ್ಟೇ ಹುಡುಕಿಕೊಂಡು ಬಂದ ಬೆಂಗಳೂರಿನ ಕಾರು. ಅದರ ಮೇಲೆ ಮಂಜು. ಒಂದೊಂದು ದಿನ ತಿರುವಿನಲ್ಲಿ ಆನೆ. ಇಂಥ ರಸ್ತೆಯಲ್ಲಿ ಕುಡಿದು ಗಾಡಿ ಓಡಿಸುವವನನ್ನು ಪೊಲೀಸರು ಹಿಡಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರನ್ನು, ಯಾವ ಕಾರಣಕ್ಕೆ, ಯಾವ ಹೊತ್ತಿಗೆ ಹಿಡಿಯಬಹುದು ಎಂದು ಕಾಯ್ದೆ ಹೇಳಿರುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಿಡಿಯುವವರಿಗೂ ಎಷ್ಟೋ ಸಲ ಅದು ಪೂರ್ತಿ ಗೊತ್ತಿರುವುದಿಲ್ಲ. ವಕೀಲಿ ವೃತ್ತಿಯಲ್ಲಿ ಇಷ್ಟು ವರ್ಷ ಕಂಡದ್ದರಲ್ಲಿ ಸ್ವಲ್ಪವನ್ನು ಇವತ್ತು ನಿಮ್ಮೆದುರು ಇಡುತ್ತೇನೆ.

ಮೊದಲು ನನ್ನನ್ನೇ ನಿಲ್ಲಿಸಿದ ಒಂದು ರಾತ್ರಿಯ ಮಾತು. ತಾಯಿಯವರು ಹಾಸನದ ಆಸ್ಪತ್ರೆಯಲ್ಲಿದ್ದರು. ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮೂರನೆಯ ರಾತ್ರಿ ತಮ್ಮ ಬಂದ ಮೇಲೆ ನಾನು ಊರಿನ ಕಡೆ ಹೊರಟೆ. ಪಾಳ್ಯ ದಾಟಿ ಬಾಳ್ಳುಪೇಟೆ ಹತ್ತಿರ ಬರುವಾಗ ಬ್ಯಾರಿಕೇಡ್ ಇತ್ತು. ಒಬ್ಬ ಯುವ ಸಬ್ ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಬಂದರು. ಕಿಟಕಿ ಇಳಿಸಿದೆ. ಅವರು ಹೇಳಿದ್ದು ಇಷ್ಟು: ‘ಸಾರ್, ನಿಮ್ಮ ಗಾಡಿ ಅಲ್ಲಿಂದ ಎರಡು ಸಲ ಬಿಳಿ ಗೆರೆ ದಾಟಿ ಬಂತು. ಕಣ್ಣೂ ಕೆಂಪಗಿದೆ. ಅದಕ್ಕೇ ಕೇಳ್ತಿದೀನಿ, ಒಂದ್ಸಲ ಊದಿಬಿಡಿ.’ ಹೊಸ ಕೊಳವೆಯ ಕವರನ್ನು ನನ್ನ ಕಣ್ಣೆದುರೇ ಹರಿದು ಯಂತ್ರಕ್ಕೆ ಸಿಕ್ಕಿಸಿದರು. ಊದಿದೆ. ಸೊನ್ನೆ ಬಂತು. ಅಂಕಿಯನ್ನು ನನಗೂ ತೋರಿಸಿದರು. ‘ನಿದ್ದೆಗೆಟ್ಟಿದೀರ ಸಾರ್, ಬಾಳ್ಳುಪೇಟೇಲಿ ಒಂದು ಟೀ ಕುಡಿದು ಹೋಗಿ’ ಅಂದರು. ಕುಡಿದೇ ಹೋದೆ.

ಆ ಹುಡುಗ ಹೇಳಿದ ಮಾತು ನೋಡಿ. ಗಾಡಿ ಗೆರೆ ದಾಟಿತು, ಕಣ್ಣು ಕೆಂಪಗಿದೆ. ತಾನು ಕಣ್ಣಾರೆ ಕಂಡ ಎರಡು ಸಂಗತಿಯನ್ನು ಊದಿಸುವ ಮೊದಲೇ ನನ್ನ ಮುಖಕ್ಕೆ ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 203ನೇ ಕಲಂ ಕೇಳುವುದು ಅಂಥ ಕಾರಣವನ್ನೇ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ, ಚಾಲಕ ಕುಡಿದಿದ್ದಾನೆಂದು ಸಂಶಯಪಡಲು ಸಕಾರಣ ಇದ್ದರೆ, ಅವನ ಉಸಿರಿನ ಪರೀಕ್ಷೆಗೆ ಕೇಳಬಹುದು. ಅಮೆರಿಕದವರು ಸಂಶಯದ ಮೇಲೆ ಗಾಡಿ ನಿಲ್ಲಿಸುವುದು ಬೇರೆ, ಬಂಧನಕ್ಕೆ ಬೇಕಾದ ಬಲವಾದ ಕಾರಣ ಬೇರೆ ಎಂದು ತಮ್ಮ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಮೇಲೆ ದೊಡ್ಡ ಚರ್ಚೆಯನ್ನೇ ಕಟ್ಟಿದ್ದಾರೆ. ನಮ್ಮ ಕಾಯ್ದೆಯಲ್ಲೂ ಮೆಟ್ಟಿಲುಗಳಿವೆ. ಲೈಸೆನ್ಸ್ ತೋರಿಸಿ ಎಂದು ಸಮವಸ್ತ್ರದ ಪೊಲೀಸರು ಯಾರನ್ನು ಬೇಕಾದರೂ ಕೇಳಬಹುದು. ಅದಕ್ಕೆ ಸಂಶಯ ಬೇಕಿಲ್ಲ. ಊದಿ ಎನ್ನುವುದಕ್ಕೆ ಸಂಶಯ ಬೇಕು, ಆ ಸಂಶಯಕ್ಕೆ ಕಾರಣ ಬೇಕು. ಬಂಧನ ಅದರ ಮೇಲಿನ ಮೆಟ್ಟಿಲು. ಯಂತ್ರ ಮದ್ಯ ಇದೆ ಎಂದು ತೋರಿಸಬೇಕು. ಇಲ್ಲವೇ ಚಾಲಕ ಊದಲು ಒಪ್ಪದೆ ಹೋಗಿ, ಅಧಿಕಾರಿಯ ಸಂಶಯಕ್ಕೆ ಸಕಾರಣ ಉಳಿದಿರಬೇಕು. ಅಧಿಕಾರಿಯ ಕಣ್ಣೆದುರೇ ಅಪರಾಧ ನಡೆದರೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ 202ನೇ ಕಲಮಿನಲ್ಲೂ ಇದೆ.

‘ಕಾರಣ ಏನು ಮಹಾ, ಯಂತ್ರ ಹೇಳುತ್ತದಲ್ಲ’ ಎಂದು ಕೆಲವರು ಕೇಳುತ್ತಾರೆ. ಅವರಿಗೆ ನಾನು ಹಳೆಯ ಒಂದು ಕೇಸಿನ ಕಾಗದದ ಕತೆ ಹೇಳುತ್ತೇನೆ. ಠಾಣೆಯ ಹೆಸರು ಬೇಡ, ಮನುಷ್ಯನ ಹೆಸರೂ ಬೇಡ. ತೋಟಕ್ಕೆ ಗೊಬ್ಬರ ಸಾಗಿಸುವ ಜೀಪಿನವನು. ಒಂದು ಸಣ್ಣ ಡಿಕ್ಕಿಯಾಗಿ ಅವನ ಮೇಲೆ ಕೇಸಾಗಿತ್ತು. ವರದಿಯಲ್ಲಿ ಬರೆದಿದ್ದರು: ಬಾಯಿಯಿಂದ ಮದ್ಯದ ವಾಸನೆ, ತೊದಲು ಮಾತು, ತೂರಾಡುವ ನಡಿಗೆ. ಊದಿಸಿರಲಿಲ್ಲ, ರಕ್ತ ತೆಗೆದಿರಲಿಲ್ಲ. ಆ ಮನುಷ್ಯ ನನ್ನ ಕಚೇರಿಗೆ ಬಂದ ದಿನ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದನ್ನು ನಾನು ಮರೆತಿಲ್ಲ. ಎಡಗೈಯನ್ನು ಮೊಣಕಾಲಿನ ಮೇಲೆ ಊರಿ, ಸೊಂಟ ಹೊರಳಿಸಿ, ಕಾಲನ್ನು ಎಳೆದು ಇಟ್ಟ. ಮೂರು ವರ್ಷದವನಿದ್ದಾಗ ಬಂದ ಪೋಲಿಯೋ. ಅವನ ನಡಿಗೆ ಎಲ್ಲ ದಿನವೂ ಹಾಗೆಯೇ. ಆಮೇಲೆ ಅದೇ ಠಾಣೆಯ ಬೇರೆ ಕೇಸುಗಳ ಕಾಗದ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಮೂರು ಮಾತು, ಅದೇ ಕ್ರಮದಲ್ಲಿ. ಹೆಸರು, ಗಾಡಿ ನಂಬರ್ ಮಾತ್ರ ಬೇರೆ. ಯಾರೂ ಅವನ ಕಾಲನ್ನು ನೋಡಿರಲಿಲ್ಲ. ಅವನು ಆ ದಿನ ಕುಡಿದಿದ್ದನೋ ಇಲ್ಲವೋ ಎಂದು ಹೇಳಬಲ್ಲ ಒಂದು ಅಕ್ಷರವೂ ಆ ಫೈಲಿನಲ್ಲಿ ಇರಲಿಲ್ಲ. ಕುಡಿದಿರದಿದ್ದರೆ ಅವನಿಗೆ ಅನ್ಯಾಯ. ಕುಡಿದಿದ್ದರೆ ಡಿಕ್ಕಿಯಲ್ಲಿ ಪೆಟ್ಟು ತಿಂದವರಿಗೆ ಅನ್ಯಾಯ. ಕಂಡದ್ದನ್ನು ಕಂಡ ಹಾಗೆ ಬರೆಯದ ಒಂದು ಸಾಲು ಎರಡು ಮನೆಯನ್ನೂ ಕೆಡಿಸುತ್ತದೆ.

ವಾಸನೆ ಮತ್ತು ನಡಿಗೆಯ ವಿಚಾರದಲ್ಲಿ ಸುಪ್ರೀಂ ಕೋರ್ಟು 1971ರಷ್ಟು ಹಿಂದೆಯೇ, ಮುಂಬಯಿ ಕಡೆಯ ಬಚ್ಚೂಭಾಯಿ ಪ್ರಕರಣದಲ್ಲಿ ಮಾತಾಡಿದೆ. ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಮಾತು ಒಂದಕ್ಕೊಂದು ಸೇರುತ್ತಿರಲಿಲ್ಲ, ಕಣ್ಣಿನ ಪಾಪೆ ಅರಳಿತ್ತು ಎಂದು ವೈದ್ಯರು ಹೇಳಿದ್ದರು. ರಕ್ತ, ಮೂತ್ರ ಪರೀಕ್ಷೆ ಆಗಿರಲಿಲ್ಲ. ಅಷ್ಟರಿಂದಲೇ ಅವನು ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದಿತು ನ್ಯಾಯಾಲಯ. ಇಲ್ಲಿ ಒಂದು ಸೂಕ್ಷ್ಮವಿದೆ. ಇದೇ ವಾಸನೆ, ಇದೇ ನಡಿಗೆ ಊದಿಸುವುದಕ್ಕೆ ಸಾಕಾದ ಕಾರಣ. ಶಿಕ್ಷೆಗೆ ಸಾಕಾಗುವ ಸಾಕ್ಷಿ ಅಲ್ಲ. ಬಾಗಿಲು ತಟ್ಟುವುದಕ್ಕೆ ಬೇಕಾದ ಕಾರಣ ಬೇರೆ, ಒಳಗಿದ್ದವನನ್ನು ಕಳ್ಳ ಎನ್ನುವುದಕ್ಕೆ ಬೇಕಾದ ಪುರಾವೆ ಬೇರೆ.

ಹಾಗೆಂದು, ಊದಿಸದಿದ್ದರೆ ಬಚಾವಾದೆ ಎಂದು ಯಾರೂ ತಿಳಿಯಬೇಡಿ. 2021ರಲ್ಲಿ ಅದೇ ಸುಪ್ರೀಂ ಕೋರ್ಟು, ದೆಹಲಿಯ ಇಂಡಿಯಾ ಗೇಟ್ ಹತ್ತಿರ ನುಜ್ಜುಗುಜ್ಜಾದ ಪೋರ್ಶೆ ಕಾರೊಂದರ ವಿಮೆಯ ಕೇಸಿನಲ್ಲಿ ಬೇರೆ ಮಾತು ಹೇಳಿತು. ಊದಿಸಿದ ಅಂಕಿ ಇರದಿದ್ದರೂ, ವಾಸನೆಯ ಬಗ್ಗೆ ವೈದ್ಯರು ಬರೆದದ್ದು, ಅಪಘಾತವಾದ ರೀತಿ, ಎಲ್ಲವನ್ನೂ ಸೇರಿಸಿ ನೋಡಿ ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎಂದಿತು. ಜೈಲಿನ ಲೆಕ್ಕ ಒಂದು, ದುಡ್ಡಿನ ಲೆಕ್ಕ ಇನ್ನೊಂದು. ಸಾಲ ಮಾಡಿ ಪಿಕಪ್ ತೆಗೆದವರು ಇದನ್ನು ನೆನಪಿಡಿ.

ಈಗ ಅಂಕಿಯ ವಿಷಯ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ 185ನೇ ಕಲಮಿನ ಅಪರಾಧ. ಇಂಗ್ಲೆಂಡಿನಲ್ಲಿ ಊದಿಸುವ ಪದ್ಧತಿ 1967ರಿಂದ ಇದೆ, ಅಲ್ಲಿನ ಮಿತಿ 80. ನಮ್ಮದು ಅದಕ್ಕಿಂತ ಬಹಳ ಬಿಗಿ. 1988ರಲ್ಲಿ ಕಾಯ್ದೆ ಬಂದಾಗ ಇನ್ನೂ ಬಿಗಿ ಇತ್ತು: ಎಷ್ಟೇ ಸ್ವಲ್ಪ ಇದ್ದರೂ ಅಪರಾಧವೇ. 30ರ ಮಿತಿ ಬಂದದ್ದು 1994ರ ತಿದ್ದುಪಡಿಯಲ್ಲಿ. ಆದರೆ ಆ ತಿದ್ದುಪಡಿಯಲ್ಲಿ ಒಂದು ಕಡೆ ಕೈಯಾಡಿಸಲಿಲ್ಲ. ಬಂಧನದ ಅಧಿಕಾರ ಕೊಡುವ 203ನೇ ಕಲಂ ಇವತ್ತಿಗೂ ಯಂತ್ರ ‘ಮದ್ಯ ಇದೆ’ ಎಂದು ತೋರಿಸಿದರೆ ಸಾಕು ಎನ್ನುತ್ತದೆ. 30 ಮೀರಿರಬೇಕು ಎನ್ನುವುದಿಲ್ಲ. ಅಂದರೆ 12 ಎಂದು ತೋರಿಸಿದವನನ್ನು ಹಿಡಿಯುವ ಬಾಗಿಲು ಅಕ್ಷರದಲ್ಲಿ ತೆರೆದೇ ಇದೆ, ಆದರೆ ಅವನನ್ನು ಶಿಕ್ಷಿಸುವ ಅಪರಾಧ ಇಲ್ಲ. ನನ್ನ ಮಟ್ಟಿಗೆ ಇದು ಕಾಯ್ದೆಯಲ್ಲಿ ಉಳಿದುಹೋದ ಬಿರುಕು. ವಿವೇಕವುಳ್ಳ ಅಧಿಕಾರಿ ಅಂಥವನನ್ನು ಬಂಧಿಸುವುದಿಲ್ಲ, ಬಂಧಿಸಲೂಬಾರದು.

ಯಂತ್ರ ಅಳೆಯುವುದು ರಕ್ತವನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಉಸಿರನ್ನು. ಅಂಥ ಉಸಿರಿನ 2100 ಪಾಲಿನಲ್ಲಿರುವಷ್ಟು ಮದ್ಯಸಾರ ರಕ್ತದ ಒಂದು ಪಾಲಿನಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ ಅದು ಅಂಕಿ ಕೊಡುತ್ತದೆ. ಬಾಯಿಯಲ್ಲೇ ಮದ್ಯಸಾರದ ಪಸೆ ಇದ್ದರೆ ಅಂಕಿ ಸುಳ್ಳಾಗುತ್ತದೆ. ಕೆಮ್ಮಿನ ಕೆಲವು ಔಷಧ, ಬಾಯಿ ಮುಕ್ಕಳಿಸುವ ಕೆಲವು ದ್ರವ, ಹೋಮಿಯೋಪಥಿ ಹನಿ, ಇವುಗಳಲ್ಲಿ ಮದ್ಯಸಾರ ಇರುತ್ತದೆ. ಆದರೆ ಬಾಯಿಯ ಪಸೆ 15 ನಿಮಿಷದಲ್ಲಿ ಆರಿಹೋಗುತ್ತದೆ, ರಕ್ತದಲ್ಲಿದ್ದದ್ದು ಹೋಗುವುದಿಲ್ಲ. ಔಷಧ ಕುಡಿದು ಬಂದವರು ಹೆದರಬೇಕಿಲ್ಲ. ಅದನ್ನು ಆಗಲೇ ಹೇಳಿ, ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಊದುತ್ತೇನೆ ಎನ್ನಿ. ಒಂದಕ್ಕಿಂತ ಹೆಚ್ಚು ಸಲ ಉಸಿರು ತೆಗೆದುಕೊಳ್ಳಲು ಕಾಯ್ದೆಯಲ್ಲೇ ಅವಕಾಶ ಇದೆ. ಬಂಧಿಸಿ ಠಾಣೆಗೆ ಕರೆತಂದ ಮೇಲೂ ಊದುವ ಅವಕಾಶ ಕೊಡಲೇಬೇಕು.

ಯಂತ್ರದಂತೆ ಮೂಗೂ ತಪ್ಪಬಹುದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ದಿನವೆಲ್ಲ ನಿಂತವನ ಬಟ್ಟೆಗೆ ಹುಳಿತ ಕಾಫಿ ಸಿಪ್ಪೆಯ ಘಾಟು ಹಿಡಿದಿರುತ್ತದೆ. ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಅದು ಹೊಸ ವಾಸನೆ. ಮೂಗಿಗೆ ಬಡಿದದ್ದು ಬಾಯಿಯಿಂದಲೋ ಬಟ್ಟೆಯಿಂದಲೋ ಎಂದು ಒಂದು ಕ್ಷಣ ನಿಂತು ನೋಡುವುದು ನಮ್ಮ ಸೀಮೆಯಲ್ಲಿ ಕೆಲಸ ಮಾಡುವವರು ರೂಢಿಸಿಕೊಳ್ಳಬೇಕಾದ ಅಭ್ಯಾಸ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೊತ್ತಿನ ವಿಚಾರ. 202ನೇ ಕಲಂ ಒಂದು ಗಡುವು ಹಾಕಿದೆ. ಕುಡಿದು ಓಡಿಸಿದನೆಂದು ಬಂಧಿಸಿದವನನ್ನು ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಮಾಡಿಸದಿದ್ದರೆ ಬಿಟ್ಟುಬಿಡಬೇಕು. ಬೆಂಗಳೂರಿನಲ್ಲಿ ಕುಳಿತು ಓದಿದರೆ ಎರಡು ಗಂಟೆ ಧಾರಾಳ. ಹೆತ್ತೂರು, ಯಸಳೂರು, ಹಾನುಬಾಳಿನ ಕಡೆ ಮಳೆಗಾಲದ ರಾತ್ರಿ ಒಬ್ಬನನ್ನು ಹಿಡಿದಿದ್ದೀರಿ ಎಂದುಕೊಳ್ಳಿ. ಮರ ಬಿದ್ದು ರಸ್ತೆ ಕಟ್ಟಿರುತ್ತದೆ. ಠಾಣೆಯ ಜೀಪು ಇನ್ನೊಂದು ಕರೆಗೆ ಹೋಗಿರುತ್ತದೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಬರುವುದರೊಳಗೆ ಗಡಿಯಾರದ ಮುಳ್ಳು ಎಲ್ಲಿಗೆ ಬಂದಿರುತ್ತದೆ?

ಬರಿಯ ಗಡುವಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಮೈಯೊಳಗೂ ಒಂದು ಗಡಿಯಾರ ಓಡುತ್ತಿರುತ್ತದೆ. ಸಾಮಾನ್ಯ ಮನುಷ್ಯನ ದೇಹ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಮದ್ಯಸಾರವನ್ನು ಕರಗಿಸುತ್ತದೆ. ಎರಡು ಗಂಟೆಗೆ 30. ಕಾಯ್ದೆಯ ಮಿತಿ ಎಷ್ಟು? ಅದೂ 30. ರಸ್ತೆಯಲ್ಲಿ 50 ಇದ್ದವನ ರಕ್ತ ಆಸ್ಪತ್ರೆಯಲ್ಲಿ 20 ತೋರಿಸಬಹುದು. ಗುಡ್ಡ ಇಳಿಯುವಷ್ಟರಲ್ಲಿ ಅಪರಾಧವೇ ಇಳಿದುಹೋಗಿರುತ್ತದೆ. ಅದಕ್ಕೇ ಪರೀಕ್ಷೆಗೆ ಆದಷ್ಟು ಬೇಗ ಕೇಳಬೇಕೆಂದು 203ನೇ ಕಲಂ ಹೇಳಿರುವುದು. ನಮ್ಮಂಥ ಬೆಟ್ಟದ ಠಾಣೆಗಳಿಗೆ, ಗಸ್ತಿನ ಪ್ರತಿ ಜೀಪಿಗೂ, ಸರಿಯಾಗಿ ತಪಾಸಣೆಯಾದ ಊದುವ ಯಂತ್ರ ಒಂದೊಂದು ಬೇಕು ಎಂದು ನಾನು ವಾದಿಸುವುದೂ ಅದಕ್ಕೇ. ಅಂಕಿಯ ಜೊತೆ ಹೊತ್ತನ್ನೂ ಮುದ್ರಿಸುವ ಯಂತ್ರ ಇರಲಿ. ನಿಲ್ಲಿಸಿದ ಹೊತ್ತು, ಊದಿಸಿದ ಹೊತ್ತು, ಬಂಧಿಸಿದ ಹೊತ್ತು, ವೈದ್ಯರ ಮುಂದೆ ನಿಲ್ಲಿಸಿದ ಹೊತ್ತು: ಈ ನಾಲ್ಕು ಸರಿಯಾಗಿ ಬರೆದಿದ್ದರೆ ನನ್ನಂಥ ವಕೀಲರಿಗೆ ಕೆದಕಲು ಹೆಚ್ಚೇನೂ ಉಳಿಯುವುದಿಲ್ಲ. ಉಳಿಯಬಾರದು ಎಂಬುದೇ ನನ್ನ ಆಸೆ.

ರಕ್ತ ತೆಗೆಯುವಾಗ ಇನ್ನೊಂದು ಚಿಕ್ಕ ಸಂಗತಿ ಇದೆ, ಅದರಿಂದ ಕೇಸೇ ಬೀಳಬಹುದು. ಸೂಜಿ ಚುಚ್ಚುವ ಮೊದಲು ತೋಳನ್ನು ಒರೆಸುವ ಹತ್ತಿ. ರೂಢಿಯಂತೆ ನರ್ಸ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತೆಗೆದುಕೊಳ್ಳುತ್ತಾರೆ. ಸ್ಪಿರಿಟ್ ಎಂದರೆ ಮದ್ಯಸಾರವೇ. ಹುಡುಕುವ ವಸ್ತುವನ್ನೇ ಚರ್ಮಕ್ಕೆ ಸವರಿದ ಹಾಗಾಯಿತು. ಈ ಪರೀಕ್ಷೆಗೆ ಸ್ಪಿರಿಟ್ ಇಲ್ಲದ ದ್ರವದಿಂದ ಒರೆಸಬೇಕು. ಶೀಶೆಯಲ್ಲಿ ರಕ್ತ ಕೆಡದಂತೆ ಸೋಡಿಯಂ ಫ್ಲೋರೈಡ್ ಇರಬೇಕು. ಇಲ್ಲದಿದ್ದರೆ ಪ್ರಯೋಗಾಲಯ ಸೇರುವುದರೊಳಗೆ ಶೀಶೆಯಲ್ಲೇ ಹುಳಿತು ಮದ್ಯಸಾರ ಹುಟ್ಟಬಹುದು, ಇದ್ದದ್ದು ಕಡಿಮೆಯೂ ಆಗಬಹುದು. ಬಂಧಿತರು ಹೆಣ್ಣುಮಗಳಾಗಿದ್ದು ವೈದ್ಯರು ಗಂಡಸಾಗಿದ್ದರೆ ಇನ್ನೊಬ್ಬ ಹೆಂಗಸು ಅಲ್ಲಿರಲೇಬೇಕು.

ಹಿಂದೆ 185ನೇ ಕಲಂ ಉಸಿರಿನ ಯಂತ್ರವನ್ನು ಮಾತ್ರ ಹೆಸರಿಸುತ್ತಿತ್ತು. 2019ರ ತಿದ್ದುಪಡಿ ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿತು. ದಂಡವೂ ಏರಿತು. ಮೊದಲ ಸಲ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೆಯ ಸಲ ಎರಡು ವರ್ಷದವರೆಗೆ ಜೈಲು ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಲೈಸೆನ್ಸನ್ನು ಪೊಲೀಸರು ತೆಗೆದುಕೊಂಡು ಸಾರಿಗೆ ಇಲಾಖೆಗೆ ಕಳಿಸುತ್ತಾರೆ. ಇದು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ‘ಇಲ್ಲೇ ಏನಾದರೂ ಕೊಟ್ಟು ಹೋಗಿ’ ಎಂದು ಯಾರಾದರೂ ಹೇಳಿದರೆ ಅದು ಕಾಯ್ದೆ ಹೇಳುವ ಮಾತಲ್ಲ.

ಊದುವುದಿಲ್ಲ ಎನ್ನಬಹುದೇ? ಬಾಯಿಗೆ ತುರುಕಿ ಊದಿಸಲಾಗದು, ನಿಜ. ಆದರೆ ಸಂಶಯಕ್ಕೆ ಸಕಾರಣ ಇದ್ದು ನೀವು ಊದದಿದ್ದರೆ ಅದರ ಮೇಲೆಯೇ ಬಂಧಿಸಬಹುದು. ಮುಂದೆ ವಿಚಾರಣೆಯಲ್ಲಿ, ತಕ್ಕ ಕಾರಣವಿಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವೆಂದು ನ್ಯಾಯಾಲಯ ಎಣಿಸಬಹುದು ಎಂದು 205ನೇ ಕಲಂ ಹೇಳುತ್ತದೆ. ಆಸ್ತಮಾ ಇದ್ದವರು, ಎದೆಗೆ ಪೆಟ್ಟಾದವರು ಅದನ್ನು ಆಗಲೇ ಹೇಳಿ ಬರೆಸಬೇಕು. ಅಪಘಾತದಲ್ಲಿ ಆಸ್ಪತ್ರೆ ಸೇರಿ ಮಲಗಿದವರನ್ನು, ನೋಡಿಕೊಳ್ಳುತ್ತಿರುವ ವೈದ್ಯರಿಗೆ ಮೊದಲು ತಿಳಿಸದೆ ಊದಿಸುವ ಹಾಗಿಲ್ಲ. ವೈದ್ಯರು ಬೇಡವೆಂದರೆ ಬೇಡ. ಅಲ್ಲಿ ಮಲಗಿರುವಾಗ 203ರ ಕೆಳಗೆ ಬಂಧಿಸುವ ಹಾಗೂ ಇಲ್ಲ.

ಬಂಧಿಸಿದರೆ ಯಾತಕ್ಕೆ ಎಂದು ಹೇಳಬೇಕು. ಇದು ಸಂವಿಧಾನದ 22ನೇ ವಿಧಿ. ಮನೆಯವರಿಗೆ ತಿಳಿಸಬೇಕು. ಕೊಲ್ಕತ್ತಾದ ಕಡೆಯ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ಬಗ್ಗೆ ಸುಪ್ರೀಂ ಕೋರ್ಟು ಹಾಕಿದ ಕಟ್ಟಳೆಗಳು ತೋಟದ ಡ್ರೈವರಿಗೂ ಅನ್ವಯಿಸುತ್ತವೆ, ತೋಟದ ಸಾಹುಕಾರರಿಗೂ ಅನ್ವಯಿಸುತ್ತವೆ. ಇದು ಜಾಮೀನು ಸಿಗುವ ಅಪರಾಧ. ಆದರೆ ಜಾಮೀನು ಕೊಡುವುದೆಂದರೆ ಅದೇ ಅಮಲಿನಲ್ಲಿ ಅದೇ ಗಾಡಿಯ ಕೀಲಿ ಕೈಗಿಡುವುದು ಎಂದಲ್ಲ. ಕುಡಿಯದ ಇನ್ನೊಬ್ಬರು ಬಂದು ಗಾಡಿ ತೆಗೆದುಕೊಂಡು ಹೋಗಲಿ.

ತೋಟದೊಳಗಿನ ರಸ್ತೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಊದಿ ಎಂದು ಕೇಳುವ ಅಧಿಕಾರ ಸಾರ್ವಜನಿಕ ಸ್ಥಳದಲ್ಲಿ ಓಡಿಸುವವರ ಮೇಲೆ ಮಾತ್ರ. ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಜಾಗ ಎಂದು ಅದರ ಅರ್ಥ. ಗೇಟು ಹಾಕಿದ ತೋಟದ ದಾರಿ ಅದರಲ್ಲಿ ಬರುವುದು ಕಷ್ಟ. ಆದರೆ ನಮ್ಮಲ್ಲಿ ಎಷ್ಟು ತೋಟದ ದಾರಿಗಳು ಊರ ದಾರಿಗಳೂ ಆಗಿಲ್ಲ ಹೇಳಿ? ಶಾಲೆಯ ಮಕ್ಕಳು ಆ ಕಡೆಯ ಹಾಡಿಯಿಂದ ಬರುವುದು ಅದೇ ದಾರಿಯಲ್ಲಿ. ಕಾಯ್ದೆಯ ಗೆರೆ ಗೇಟಿನಲ್ಲಿ ನಿಲ್ಲಬಹುದು, ಚಕ್ರ ನಿಲ್ಲುವುದಿಲ್ಲ.

ಕೊನೆಯದಾಗಿ ಪಿಕಪ್ಪಿನ ಹಿಂದೆ ನಿಂತವರ ಮಾತು. ಡ್ರೈವರ್ ಕುಡಿದಿದ್ದಾನೆ ಎಂದು ಮೊದಲು ಗೊತ್ತಾಗುವುದು ಪೊಲೀಸರಿಗಲ್ಲ, ಬಟವಾಡೆ ಸೆರಗಿಗೆ ಕಟ್ಟಿಕೊಂಡು ಗಾಡಿ ಹತ್ತುವ ಹೆಂಗಸರಿಗೆ. ‘ಯಾಕಣ್ಣ, ಇವತ್ತು ಹಾಕ್ಕೊಂಡಿದೀಯ?’ ಎಂದು ಒಬ್ಬಳು ಕೇಳುತ್ತಾಳೆ. ‘ಸುಮ್ನೆ ಹತ್ತಕ್ಕ, ಕತ್ತಲಾಗುತ್ತೆ’ ಎನ್ನುತ್ತಾನೆ ಅವನು. ಬೇರೆ ಗಾಡಿ ಇಲ್ಲ, ಮನೆಯಲ್ಲಿ ಮಗು ಕಾಯುತ್ತಿದೆ, ಹತ್ತುತ್ತಾಳೆ. ತೋಟದ ರೈಟರಿಗೂ ಗೊತ್ತಿರುತ್ತದೆ, ಮೇಸ್ತ್ರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ‘ಬಿಟ್ಟು ಬಾ ಹೋಗು’ ಎಂದು ಕಳಿಸುತ್ತಾರೆ. ಅವರಿಗೆ ಒಂದು ಕಲಂ ಓದಿ ಹೇಳುತ್ತೇನೆ, ಅದೇ ಕಾಯ್ದೆಯ 188: ಕುಡಿದು ಓಡಿಸುವ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಓಡಿಸಿದವನಿಗೆ ಇರುವ ಶಿಕ್ಷೆಯೇ. ಗೊತ್ತಿದ್ದೂ ಕಳಿಸಿದ ರೈಟರು, ಗೊತ್ತಿದ್ದೂ ಕೀಲಿ ಕೊಟ್ಟ ಮಾಲೀಕರು ಅದರಡಿ ಬರಬಹುದು.

ಅಕ್ಕಂದಿರೇ, ಮುಂದಿನ ಬಟವಾಡೆಯ ದಿನ ಆ ವಾಸನೆ ನಿಮ್ಮ ಮೂಗಿಗೆ ಬಂದರೆ ಹತ್ತಬೇಡಿ. ಹತ್ತು ಜನ ಒಟ್ಟಿಗೆ ನಿಂತು ಹತ್ತುವುದಿಲ್ಲ ಎಂದರೆ ಆ ಗಾಡಿ ಹೊರಡುವುದಿಲ್ಲ. ಹೊರಟೇಬಿಟ್ಟರೆ ಯಾರದಾದರೂ ಫೋನಿನಿಂದ 112ಕ್ಕೆ ಹೇಳಿ. ಗಾಡಿ ನಂಬರ್, ಯಾವ ರಸ್ತೆ, ಎಷ್ಟು ಜನ, ನೀವು ಏನನ್ನು ಕಂಡಿರಿ. ಕುಡಿದಿದ್ದಾನೆ ಎಂದಷ್ಟೇ ಹೇಳಬೇಡಿ. ಬಾಗಿಲು ಹಿಡಿದುಕೊಂಡು ಇಳಿದ, ಕೀಲಿ ಎರಡು ಸಲ ಕೆಳಗೆ ಬಿತ್ತು, ಗಾಡಿ ತಿರುಗಿಸುವಾಗ ಚರಂಡಿಗೆ ಇಳಿಸಿದ ಎಂದು ಹೇಳಿ. ಮುಂದಿನ ತಿರುವಿನಲ್ಲಿ ಟಾರ್ಚ್ ಹಿಡಿದು ನಿಂತಿರುವ ಆ ಅಧಿಕಾರಿಗೆ ಬೇಕಾದ ಕಾರಣ ನಿಮ್ಮ ಆ ಮೂರು ಮಾತಿನಲ್ಲಿದೆ.